ಟಿಕೆಟ್ಟಿನ ಹಣ ಕಾಯುವುದು ಏನನ್ನು?

ಸಾರ್ವಜನಿಕ ಉದ್ಯಾನವೂ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು ಎಂಬ ಅಭಿಪ್ರಾಯ ನಗರಾಡಳಿತದಲ್ಲಿ ಇಂದು ಚರ್ಚೆಯೇ ಬೇಡದ ವಿವೇಕವೆನಿಸಿಕೊಂಡಿದೆ. ಬಳಸುವವನೇ ಹಣ ತೆರಲಿ, ಒಬ್ಬನ ವಾಯುವಿಹಾರಕ್ಕೆ ಇನ್ನೊಬ್ಬನ ತೆರಿಗೆ ಏಕೆ ಹೋಗಬೇಕು ಎಂದು ಒಂದು ಕಡೆಯಿಂದಲೂ, ಪುಕ್ಕಟೆ ಸಿಕ್ಕಿದ್ದಕ್ಕೆ ಜನ ಬೆಲೆ ಕೊಡುವುದಿಲ್ಲ ಎಂದು ಇನ್ನೊಂದು ಕಡೆಯಿಂದಲೂ, ಬೊಕ್ಕಸ ಬರಿದಾಗಿರುವಾಗ ಪ್ರವೇಶ ಶುಲ್ಕ, ಪ್ರದರ್ಶನ, ಮಳಿಗೆ, ಜಾಹೀರಾತು, ಖಾಸಗಿ ದತ್ತುಗಳಿಲ್ಲದೆ ಹಸಿರು ಉಳಿಯದು ಎಂದು ಮತ್ತೊಂದು ಕಡೆಯಿಂದಲೂ ವಾದ ಬರುತ್ತದೆ. ಆಡಳಿತಗಾರರು ಮತ್ತು ಸಲಹೆಗಾರರಷ್ಟೇ ಅಲ್ಲದೆ ಉದ್ಯಾನಗಳನ್ನು ಮನಸಾರೆ ಪ್ರೀತಿಸುವ ನಾಗರಿಕರೂ ಇದಕ್ಕೆ ತಲೆದೂಗುತ್ತಾರೆ. ಬೆಂಗಳೂರಿನ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಹಾಗೂ ಬಡಾವಣೆ ಬಡಾವಣೆಗಳಲ್ಲಿ ಹರಡಿಕೊಂಡಿರುವ 1,200ಕ್ಕೂ ಹೆಚ್ಚು ಸಣ್ಣ ದೊಡ್ಡ ಉದ್ಯಾನಗಳ ಅನುಭವವನ್ನು ಎದುರಿಗಿಟ್ಟುಕೊಂಡು ಪರಿಶೀಲಿಸಿದರೆ, ಈ ಅಭಿಪ್ರಾಯ ಲೆಕ್ಕದಲ್ಲಿ ತಪ್ಪಾಗಿದೆ, ನ್ಯಾಯದಲ್ಲಿ ತಪ್ಪಾಗಿದೆ, ತಾನು ಉಳಿಸುವೆನೆಂದು ಹೇಳಿಕೊಳ್ಳುವ ಉದ್ಯಾನದ ಪಾಲಿಗಂತೂ ನೇರವಾಗಿ ಅಪಾಯಕಾರಿಯಾಗಿದೆ ಎಂಬುದು ಕಾಣುತ್ತದೆ. ಉದ್ಯಾನಕ್ಕೆ ಹಣ ಬರುವ ದಾರಿಯೇ ಅಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಈ ಸಂಬಂಧವನ್ನು ಮರೆತದ್ದೇ ಪ್ರಚಲಿತ ಅಭಿಪ್ರಾಯದ ಮೂಲದೋಷ.

ಮೊದಲು 'ಪುಕ್ಕಟೆ' ಎಂಬ ಮಾತನ್ನು ಪರೀಕ್ಷಿಸಬೇಕು. ಬೆಂಗಳೂರಿನ ಯೋಜಿತ ಬಡಾವಣೆಯ ಉದ್ಯಾನ ಯಾರೋ ಕೊಟ್ಟ ದಾನವಲ್ಲ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯಿದೆಯ ಪ್ರಕಾರ ಪ್ರಾಧಿಕಾರ ರಚಿಸುವ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇ. 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಅದರ ಮೇಲೆ ಇನ್ನೂ ಶೇ. 10ರಷ್ಟನ್ನು ಶಾಲೆ, ಆಸ್ಪತ್ರೆ, ಅಂಚೆ ಕಚೇರಿಯಂಥ ನಾಗರಿಕ ಸೌಲಭ್ಯಗಳಿಗೆ ಮೀಸಲಿಡಬೇಕು. ಮಾರಲಾಗದ ಈ ನೆಲವನ್ನೂ ರೈತರಿಂದ ಪರಿಹಾರ ಕೊಟ್ಟೇ ಸ್ವಾಧೀನಪಡಿಸಿಕೊಳ್ಳಲಾಗುತ್ತದೆ; ಆ ವೆಚ್ಚ ನಿವೇಶನದ ಬೆಲೆಯಲ್ಲಿ ಸೇರಿಕೊಳ್ಳುತ್ತದೆ. ಮೂವತ್ತು ಅಡಿ, ನಲವತ್ತು ಅಡಿ ನಿವೇಶನ ಕೊಂಡ ಕುಟುಂಬ ತನ್ನ ಗೋಡೆಯೊಳಗಿನ ನೆಲದ ಜೊತೆಗೆ ಬೀದಿಯ ಕೊನೆಯ ಉದ್ಯಾನದ ಒಂದು ತುಣುಕಿಗೂ ಹಣ ತೆತ್ತಿರುತ್ತದೆ, ಮತ್ತು ಆ ತುಣುಕನ್ನು ತನ್ನದೆಂದು ಹೇಳಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟಿರುತ್ತದೆ. ಬೆಂಗಳೂರಿಗೆ ಇದು ಹೊಸ ಪದ್ಧತಿಯೂ ಅಲ್ಲ, ವಿಶಿಷ್ಟವೂ ಅಲ್ಲ. ಇಂಗ್ಲೆಂಡಿನ ಬರ್ಕನ್‌ಹೆಡ್ ಪಟ್ಟಣದಲ್ಲಿ 1847ರಲ್ಲಿ ತೆರೆದ ಉದ್ಯಾನಕ್ಕೆ ಪುರಸಭೆಯೇ ಭೂಮಿ ಕೊಂಡು, ಸುತ್ತಲಿನ ಅಂಚನ್ನು ಮನೆ ನಿವೇಶನಗಳಾಗಿ ಮಾರಿ, ನಡುವಿನ ಹಸಿರನ್ನು ಶುಲ್ಕವಿಲ್ಲದೆ ಜನರಿಗೆ ಬಿಟ್ಟಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನ ಭೂಮಿಯ ಬೆಲೆಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು, ಉದ್ಯಾನದಿಂದ ಆಸ್ತಿಯ ಬೆಲೆ ಏರಲಿದ್ದ ಅಕ್ಕಪಕ್ಕದ ಮಾಲೀಕರಿಂದಲೇ ವಸೂಲು ಮಾಡಲಾಯಿತು. ಎರಡೂ ಕಡೆ ತತ್ತ್ವ ಒಂದೇ: ಉದ್ಯಾನದಿಂದ ಬೆಲೆ ಏರಿದ ಆಸ್ತಿಯೇ ಉದ್ಯಾನದ ವೆಚ್ಚವನ್ನು ಹೊರಬೇಕು. ಇಂದಿನ ಬೆಂಗಳೂರಿನಲ್ಲಿ 'ಉದ್ಯಾನಕ್ಕೆ ಎದುರು' ಎಂದು ಜಾಹೀರಾತು ಕೊಟ್ಟು ಮನೆ ಮಾರುವವರು ಆ ಏರಿಕೆಯನ್ನು ಜೇಬಿಗಿಳಿಸಿಕೊಳ್ಳುತ್ತಾರೆ. ಅದೇ ಉದ್ಯಾನದ ಗೇಟಿನಲ್ಲಿ ಹೂವಾಡಗಿತ್ತಿಯಿಂದ ಟಿಕೆಟ್ಟಿನ ಹಣ ಕೇಳಬೇಕೆಂಬ ಸಲಹೆ ಬರುತ್ತದೆ. ಇದನ್ನು ಆರ್ಥಿಕ ಶಿಸ್ತೆಂದು ಕರೆಯುವುದು ಸಾಧ್ಯವಿಲ್ಲ.

'ಬಳಸುವವನೇ ತೆರಲಿ' ಎಂಬ ಸೂತ್ರ ಅರ್ಥಶಾಸ್ತ್ರದಿಂದ ಬಂದದ್ದೆಂದು ಹೇಳಲಾಗುತ್ತದೆಯಾದರೂ ಅರ್ಥಶಾಸ್ತ್ರ ಅದಕ್ಕೆ ಬೆಂಬಲ ಕೊಡುವುದಿಲ್ಲ. ಪಾಲ್ ಸ್ಯಾಮುಯೆಲ್ಸನ್ 1954ರಲ್ಲಿ ವಿವರಿಸಿದ 'ಸಾರ್ವಜನಿಕ ಸರಕು' ಎಂಬ ಪರಿಕಲ್ಪನೆಯ ಮೂಲ ಲಕ್ಷಣವೆಂದರೆ ಒಬ್ಬನು ಅನುಭವಿಸಿದ್ದರಿಂದ ಇನ್ನೊಬ್ಬನ ಪಾಲು ಕಡಿಮೆಯಾಗದಿರುವುದು. ಅದರೊಡನೆ, ಹಣ ಕೊಡದವನನ್ನು ಹೊರಗಿಡುವುದು ಕಷ್ಟ ಅಥವಾ ಅಸಾಧ್ಯ ಎಂಬ ಲಕ್ಷಣವನ್ನೂ ಸೇರಿಸಿ ಹೇಳುವುದು ರೂಢಿ. ಜೇಮ್ಸ್ ಬ್ಯುಕನನ್ 1965ರಲ್ಲಿ ಚರ್ಚಿಸಿದ 'ಕ್ಲಬ್ ಸರಕು' ಇದಕ್ಕಿಂತ ಭಿನ್ನವಾದುದು: ಬೇಲಿ ಹಾಕಿ, ಸದಸ್ಯರಿಂದ ಚಂದಾ ಪಡೆದು, ಉಳಿದವರನ್ನು ಹೊರಗಿಟ್ಟು ನಡೆಸಬಹುದಾದ ಈಜುಕೊಳದಂಥ ಸೌಲಭ್ಯ ಅದು. ಉದ್ಯಾನಕ್ಕೆ ಗೇಟು ಹಾಕಬಹುದಾದ್ದರಿಂದ ಅದು ಎರಡನೆಯ ಬಗೆಗೆ ಸೇರಿತು ಎಂದು ಪ್ರಚಲಿತ ಅಭಿಪ್ರಾಯ ತಿಳಿಯುತ್ತದೆ. ಆದರೆ ಗೇಟು ತಡೆಯುವುದು ಮನುಷ್ಯನ ಕಾಲನ್ನು ಮಾತ್ರ. ಮರಗಳು ತಂಪಾಗಿಸಿದ ಗಾಳಿ, ಬೇರುಗಳ ನಡುವೆ ನೆಲಕ್ಕಿಳಿದ ಮಳೆ, ಹಕ್ಕಿ ಬಾವಲಿಗಳು ಹೊತ್ತೊಯ್ಯುವ ಬೀಜ, ಜೇನ್ನೊಣದ ಪರಾಗಸ್ಪರ್ಶ ಇವು ಯಾವುವೂ ಗೇಟಿನ ಬಳಿ ನಿಲ್ಲುವುದಿಲ್ಲ. ಹರಿಣಿ ನಾಗೇಂದ್ರ ಮತ್ತು ಅವರ ಸಹಸಂಶೋಧಕರು ಬೆಂಗಳೂರಿನ ರಸ್ತೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿ ಸೆಲ್ಸಿಯಸ್‌ನಷ್ಟು, ರಸ್ತೆಯ ಮೇಲ್ಮೈ ಉಷ್ಣತೆ 27.5 ಡಿಗ್ರಿಯಷ್ಟು ಕಡಿಮೆ ಇರಬಹುದೆಂದು ಕಂಡುಬಂದಿತ್ತು. ಬೀದಿಸಾಲಿನ ಮರಗಳೇ ಇಷ್ಟು ಮಾಡುವುದಾದರೆ ನೂರಾರು ಎಕರೆಯ ತೋಪು ಮಾಡುವ ಉಪಕಾರಕ್ಕೆ ಟಿಕೆಟ್ ಹರಿದುಕೊಡುವುದು ಹೇಗೆ? ಉದ್ಯಾನದ ಒಳಗೆ ಎಂದೂ ಕಾಲಿಡದವನೂ ಅದರ ಬಳಕೆದಾರನೇ. ಆದುದರಿಂದ 'ಬಳಸುವವನೇ ತೆರಲಿ' ಎಂಬ ಸೂತ್ರವನ್ನು ಪ್ರಾಮಾಣಿಕವಾಗಿ ಅನ್ವಯಿಸಿದರೆ ತೆರಬೇಕಾದವರು ನಗರದ ಎಲ್ಲರೂ ಆಗುತ್ತಾರೆ. ಎಲ್ಲರಿಂದಲೂ ಅವರವರ ಶಕ್ತಿಗನುಸಾರ ಪಡೆಯುವ ಹಣಕ್ಕೆ ತೆರಿಗೆಯೆಂಬ ಹೆಸರು ಮೊದಲಿನಿಂದಲೂ ಇದೆ.

ಲಾಲ್‌ಬಾಗಿನ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅಗತ್ಯ, ಏಕೆಂದರೆ ಈ ಅಭಿಪ್ರಾಯದ ಪಕ್ಷಪಾತಿಗಳು ಗೆದ್ದ ಉದಾಹರಣೆಯಾಗಿ ತೋರಿಸುವುದೂ ಅದನ್ನೇ. 1760ರಲ್ಲಿ ಹೈದರ್ ಅಲಿ ಆರಂಭಿಸಿದ, ಟಿಪ್ಪು ಸುಲ್ತಾನ್ ದೂರದ ದೇಶಗಳಿಂದ ಗಿಡಗಳನ್ನು ತರಿಸಿ ಬೆಳೆಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಜಾನ್ ಕ್ಯಾಮೆರಾನ್, 1908ರಿಂದಾಚೆಗೆ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಅವರ ನಂತರ ಎಚ್.ಸಿ. ಜವರಾಯ ಮತ್ತು ಎಂ.ಎಚ್. ಮರಿಗೌಡ ಇವರ ಕೈಯಲ್ಲಿ ಅದು ಬೆಳೆದದ್ದು ಮೈಸೂರು ಸಂಸ್ಥಾನದ, ಅನಂತರ ರಾಜ್ಯದ ಬೊಕ್ಕಸದ ಬಲದಿಂದ. ಸೀಮೆಬದನೆಯಂಥ ತರಕಾರಿ ನಾಡಿನ ಹೊಲ ಹಿತ್ತಲುಗಳಿಗೆ ಇಳಿದದ್ದು ಈ ತೋಟದ ಪ್ರಯೋಗಗಳಿಂದ. ವರ್ಷದ ಒಂದಲ್ಲ ಒಂದು ತಿಂಗಳಲ್ಲಿ ಒಂದಲ್ಲ ಒಂದು ಜಾತಿಯ ಮರ ಅರಳಿರುವಂತೆ ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಆಯ್ದು ನೆಡುವ ಕಲ್ಪನೆ ಕ್ರುಂಬಿಗಲ್ಲರದು. ಗುಲ್‌ಮೊಹರು, ಜಕರಂದಾಗಳು ಅರಳಿದ ಬೀದಿಯಲ್ಲಿ ನಡೆಯುವವನು ಅವುಗಳಿಗಾಗಿ ಯಾವ ಗೇಟಿನಲ್ಲೂ ಹಣ ಕೊಟ್ಟಿಲ್ಲ. ಟಿಕೆಟ್ಟಿನ ಆದಾಯದ ಮೇಲೆ ನಿಂತ ಸಂಸ್ಥೆಯೊಂದು ತನ್ನ ಕಾಂಪೌಂಡಿನ ಆಚೆಗೆ ಮರ ನೆಡಲು ಸಸಿ ಬೆಳೆಸುತ್ತಿತ್ತೆ?

ಇಂದು ಸುಮಾರು 240 ಎಕರೆಗಳಷ್ಟಿರುವ ಈ ಉದ್ಯಾನದೊಳಗೆ ನಿಂತಿರುವ ಬಂಡೆ ಪೆನಿನ್ಸುಲರ್ ನೈಸ್ ಎಂದು ಭೂವಿಜ್ಞಾನಿಗಳು ಕರೆಯುವ, ಸುಮಾರು 300 ಕೋಟಿ ವರ್ಷ ಹಳೆಯದಾದ, ದಕ್ಷಿಣ ಭಾರತದ ತಳಹದಿಯಂತಿರುವ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1975ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಂಡೆಯ ಮೇಲೆ ಬಿದ್ದ ನೀರು ಇಳಿಜಾರಿನಲ್ಲಿ ಹರಿದು ಕೆಳಗಿನ ಮಣ್ಣಿಗೂ ಕೆರೆಗೂ ಸೇರುತ್ತದೆ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆಯನ್ನು 970 ಮಿಲಿಮೀಟರ್ ಎಂದಿಟ್ಟುಕೊಂಡರೆ ಆ 240 ಎಕರೆಗಳ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 94 ಕೋಟಿ ಲೀಟರ್. ಅದರಲ್ಲಿ ಒಂದು ಪಾಲು ಆವಿಯಾಗುತ್ತದೆ, ಒಂದು ಪಾಲು ಹರಿಯುತ್ತದೆ, ಉಳಿದದ್ದು ನೆಲಕ್ಕಿಳಿಯುತ್ತದೆ. ಇದೇ ವಿಸ್ತೀರ್ಣ ಕಾಂಕ್ರೀಟಿನಡಿ ಇದ್ದಿದ್ದರೆ ಆ ನೀರಿನ ಬಹುಪಾಲು ಒಮ್ಮೆಲೇ ರಾಜಕಾಲುವೆಗೆ ನುಗ್ಗುತ್ತಿತ್ತು. 2022ರಲ್ಲಿ ಮನೆಗಳು ಮುಳುಗಿದ, 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದ ನಗರದಲ್ಲಿ, ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯ ನೀರನ್ನು ಮೇಲಕ್ಕೆತ್ತಿ ತಂದು ಕುಡಿಯುವ ನಗರದಲ್ಲಿ ಈ ಕೆಲಸಕ್ಕೆ ಏನು ಬೆಲೆ ಎಂದು ಲೆಕ್ಕ ಹಾಕುವವರು ಕಡಿಮೆ. ಗೇಟಿನಲ್ಲಿ ಎಷ್ಟು ಸಂಗ್ರಹವಾಯಿತು ಎಂಬ ಲೆಕ್ಕ ಮಾತ್ರ ಪ್ರತಿ ಪ್ರದರ್ಶನದ ಮರುದಿನ ಪತ್ರಿಕೆಗಳಲ್ಲಿ ಬರುತ್ತದೆ.

ಹಣದ ಮೂಲ ಹೇಗೆ ಉದ್ಯಾನದ ಒಳರೂಪವನ್ನೇ ಬದಲಾಯಿಸುತ್ತದೆ ಎಂಬುದು ಇಲ್ಲಿ ಗೋಚರವಾಗುತ್ತದೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನ ಲಾಲ್‌ಬಾಗಿನ ಹೆಮ್ಮೆಯ ಸಂಪ್ರದಾಯ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ಅದರ ಕೇಂದ್ರ. ಈ ಪ್ರದರ್ಶನವನ್ನು ನಿಲ್ಲಿಸಬೇಕೆಂದು ಯಾವ ವಿವೇಕಿಯೂ ಹೇಳಲಾರ. ಆಕ್ಷೇಪ ಇರುವುದು ಅದನ್ನು ಉದ್ಯಾನದ ಯೋಗ್ಯತೆಯ ಅಳತೆಗೋಲು ಮಾಡಿಕೊಂಡದ್ದರ ಬಗ್ಗೆ. ಲಕ್ಷಾಂತರ ಜನ ಕೆಲವೇ ದಿನಗಳಲ್ಲಿ ಬಂದುಹೋಗುವ, ಕುಂಡದಲ್ಲಿ ಬೆಳೆಸಿ ತಂದಿಟ್ಟು ವಾರದಲ್ಲಿ ತೆಗೆದುಹಾಕುವ ಹೂವಿನ ಅಲಂಕಾರಕ್ಕೆ ಆದಾಯವಿದೆ. ಬಂಡೆಯ ಸಂದಿಯ ಹುಲ್ಲಿಗೆ, ಒಣಗಿ ನಿಂತು ಮರಕುಟಿಗನಿಗೆ ಮನೆಯಾದ ಕೊಂಬೆಗೆ, ಉದುರಿದ ಎಲೆ ಕೊಳೆತು ಮಣ್ಣಾಗುವ ಮೂಲೆಗೆ, ಒಣಗಿಸಿದ ಸಸ್ಯಮಾದರಿಗಳನ್ನು ಹೆಸರು ಸ್ಥಳಗಳೊಡನೆ ಕಾಪಿಡುವ ಹರ್ಬೇರಿಯಮ್ಮಿಗೆ, ಮರಗಳ ಹೆಸರು ಗುಣ ತಿಳಿದ ಹಿರಿಯ ಮಾಲಿಗೆ ಆದಾಯವಿಲ್ಲ. ಆದಾಯವೇ ಗುರಿಯಾದ ಆಡಳಿತ ಮೊದಲಿನದಕ್ಕೆ ದೀಪ, ಕಾರಂಜಿ, ಮಳಿಗೆ, ಹಾಸುಗಲ್ಲುಗಳನ್ನು ಸೇರಿಸುತ್ತ ಹೋಗುತ್ತದೆ. ಎರಡನೆಯದನ್ನು ಕಸವೆಂದು ಗುಡಿಸುತ್ತದೆ. ಕರೆಯುವ ಹಸುವಿಗೆ ಮಾತ್ರ ಹುಲ್ಲು ಹಾಕುವ ಕೊಟ್ಟಿಗೆಯಲ್ಲಿ ಕರು ಬದುಕುವುದಿಲ್ಲ.

ಇದು ನಗರದ ತೋಟಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹುಲಿ ಮೀಸಲು ಪ್ರದೇಶದ ಒಳವಲಯದಲ್ಲಿ, ಅಂದರೆ ಹುಲಿಯ ವಾಸಕ್ಕೆಂದೇ ಬಿಟ್ಟ ನಡುಕಾಡಿನಲ್ಲಿ, ಶೇ. 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸೋದ್ಯಮಕ್ಕೆ ಬಳಸುವಂತಿಲ್ಲ. ಬಂಡೀಪುರದಲ್ಲಾಗಲಿ ನಾಗರಹೊಳೆಯಲ್ಲಾಗಲಿ ಸಫಾರಿ ವಾಹನ ಕಾಣದ ಆ ದೊಡ್ಡ ಭಾಗದಲ್ಲಿ ಬೇಟೆ ತಡೆ ಶಿಬಿರದಲ್ಲಿ ಮಲಗುವ ಕಾವಲುಗಾರನ ಸಂಬಳವನ್ನು ಯಾವ ಪ್ರವಾಸಿಯೂ ತೆರುವುದಿಲ್ಲ, ತೆರಬೇಕಾಗಿಯೂ ಇಲ್ಲ. ಯಾರೂ ನೋಡಬಾರದ ಕಾಡನ್ನು ನೋಡುಗರ ಹಣದಿಂದ ಕಾಯಬೇಕೆನ್ನುವವರು ಒಂದೋ ಆ ಕಾಡಿಗೆ ರಸ್ತೆ ಕಡಿಯಬೇಕು, ಇಲ್ಲವೇ ಅದನ್ನು ಕಾಯುವುದನ್ನು ಬಿಡಬೇಕು.

ಸರ್ಕಾರದ ಕೈಯಲ್ಲಿ ಹಣವಿಲ್ಲದಿದ್ದರೆ ಕಂಪನಿಗಳು, ದಾನಿಗಳು ಉದ್ಯಾನಗಳನ್ನು ದತ್ತು ಪಡೆಯಲಿ ಎಂಬುದು ಈ ವಾದದ ಇನ್ನೊಂದು ಮುಖ. ಇದರ ಪುರಸ್ಕರ್ತರು ಸೆಂಟ್ರಲ್ ಪಾರ್ಕ್‌ನ ಕಡೆಗೆ ಬೊಟ್ಟು ಮಾಡುತ್ತಾರೆ. ಅಲ್ಲಿ 1980ರಲ್ಲಿ ಸ್ಥಾಪನೆಯಾದ ಖಾಸಗಿ ಸಂರಕ್ಷಣಾ ಸಂಸ್ಥೆ ಉದ್ಯಾನದ ವಾರ್ಷಿಕ ವೆಚ್ಚದ ಬಹುಪಾಲನ್ನು ದೇಣಿಗೆಯಿಂದ ಭರಿಸುತ್ತದೆ, ಹಾಳಾಗಿದ್ದ ಉದ್ಯಾನವನ್ನು ಅದು ಎತ್ತಿ ನಿಲ್ಲಿಸಿತು ಎಂಬುದೂ ನಿಜ. ಆದರೆ ಆ ಉದ್ಯಾನದ ಸುತ್ತ ವಾಸಿಸುವವರು ಜಗತ್ತಿನ ಅತ್ಯಂತ ಶ್ರೀಮಂತರಲ್ಲಿ ಸೇರಿದವರು. 2012ರಲ್ಲಿ ಜಾನ್ ಪಾಲ್ಸನ್ ಎಂಬ ಹಣಕಾಸು ಉದ್ಯಮಿ ಒಬ್ಬರೇ ಹತ್ತು ಕೋಟಿ ಡಾಲರ್ ಕೊಟ್ಟರು. ಅದೇ ನಗರದ ಬ್ರಾಂಕ್ಸ್‌ನಂಥ ಬಡ ಭಾಗಗಳ ಉದ್ಯಾನಗಳ ಪಾಲಿಗೆ ಅಂಥ ದಾನಿ ಹುಟ್ಟಲಿಲ್ಲ. ಬೆಂಗಳೂರಿನಲ್ಲಿ ಈ ಮಾದರಿಯನ್ನು ಅನುಸರಿಸಿದರೆ ಕಂಪನಿಗಳ ಫಲಕ ಎದ್ದು ಕಾಣುವ, ದೊಡ್ಡ ರಸ್ತೆಯ ಪಕ್ಕದ, ಅನುಕೂಲಸ್ಥರ ಬಡಾವಣೆಯ ಉದ್ಯಾನಕ್ಕೆ ದಾನಿ ಸಿಗುತ್ತಾನೆ. ಕೊಳೆಗೇರಿಯ ಪಕ್ಕದಲ್ಲಿ, ಮಕ್ಕಳಿಗೆ ಬೇರೆ ಬಯಲೇ ಇಲ್ಲದ ಕಡೆ ಇರುವ ಅರ್ಧ ಎಕರೆಗೆ ಸಿಗುವುದಿಲ್ಲ. ಎಲ್ಲಿ ಅಗತ್ಯ ಹೆಚ್ಚೋ ಅಲ್ಲಿ ಹಣ ಕಡಿಮೆ ಹರಿಯುವಂತೆ ಮಾಡುವ ವ್ಯವಸ್ಥೆಯನ್ನು ಸಾರ್ವಜನಿಕ ನೀತಿಯೆನ್ನಲಾಗದು. ಅದೂ ಅಲ್ಲದೆ ಹಣ ಕೊಟ್ಟವನು ಮಾತನ್ನೂ ನಡೆಸಬಯಸುತ್ತಾನೆ. ಕಬ್ಬನ್ ಪಾರ್ಕ್ ಆವರಣದ ಅಂಚಿನಲ್ಲಿರುವ ಸರ್ಕಾರಿ ವೆಂಕಟಪ್ಪ ಚಿತ್ರಶಾಲೆಯನ್ನು ದತ್ತು ಯೋಜನೆಯಡಿ ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದದ ವಿರುದ್ಧ 2016ರಲ್ಲಿ ಕಲಾವಿದರು ದೀರ್ಘ ಪ್ರತಿರೋಧ ಒಡ್ಡಬೇಕಾಯಿತು; ಸಣ್ಣ ಬಾಡಿಗೆಗೆ ಹೊಸ ಕಲಾವಿದರಿಗೂ ದಕ್ಕುತ್ತಿದ್ದ ಗೋಡೆಗಳು ಕೈತಪ್ಪುವವೆಂಬ ಅವರ ಭಯ ನಿರಾಧಾರವಾಗಿರಲಿಲ್ಲ.

ಪ್ರಚಲಿತ ಅಭಿಪ್ರಾಯಕ್ಕೆ ಎದುರಾಗುವ ಅತ್ಯಂತ ಬಲವಾದ ಸಾಕ್ಷ್ಯ ಬೇರೊಂದಿದೆ. ಉದ್ಯಾನದ ನೆಲಕ್ಕೆ ನಿಜವಾದ ಅಪಾಯ ಬಂದಾಗಲೆಲ್ಲ ಅದನ್ನು ಕಾಯಲು ನಿಂತವರು ಯಾರು? ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಗಾಗಿ ಟ್ರಸ್ಟೊಂದಕ್ಕೆ ಹಂಚಿದಾಗ ನ್ಯಾಯಾಲಯಕ್ಕೆ ಹೋದವರು ಆ ಬಡಾವಣೆಯ ಸಾಮಾನ್ಯ ನಿವಾಸಿಗಳು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹಂಚಿಕೆ ಅಸಿಂಧುವೆಂಬ ತೀರ್ಪನ್ನು ಎತ್ತಿಹಿಡಿಯಿತು. ನಿವಾಸಿಗಳಿಗೆ ದಾವೆ ಹೂಡುವ ಹಕ್ಕಿಲ್ಲವೆಂಬ ವಾದವನ್ನು ತಳ್ಳಿಹಾಕಿತು. ಶುದ್ಧ ಗಾಳಿ ಮತ್ತು ಚೆಲುವಾದ ಪರಿಸರ ಒಂದು ಕಾಲಕ್ಕೆ ಅರಸರ ಮತ್ತು ಸಿರಿವಂತರ ಸೊತ್ತಾಗಿತ್ತೆಂದೂ ಸಾರ್ವಜನಿಕ ಉದ್ಯಾನವೆಂಬುದು ಸಮಾನತೆಯ ಭಾವನೆಯೊಡನೆ ಬೆಳೆದು ಬಂದದ್ದೆಂದೂ, ಜನ ತಮಗೆ ತಾವೇ ಕೊಟ್ಟುಕೊಂಡ ಕೊಡುಗೆಯದೆಂದೂ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಆರ್.ಎಂ. ಸಹಾಯ್ ವಿವರಿಸಿದರು. ನಾಡಿನ ನಗರಗಳ ಇತಿಹಾಸದಲ್ಲಿ ಇಷ್ಟು ಮಹತ್ವದ ತೀರ್ಪು ಬೆಂಗಳೂರಿನ ಒಂದು ಚಿಕ್ಕ ಉದ್ಯಾನದಿಂದ ಹುಟ್ಟಿತೆಂಬುದನ್ನು ಕನ್ನಡಿಗರು ಇನ್ನೂ ಹೆಚ್ಚು ನೆನೆಯಬೇಕಾಗಿದೆ. 1998ರಲ್ಲಿ ಕಬ್ಬನ್ ಪಾರ್ಕ್‌ನ ಸುಮಾರು 32 ಎಕರೆಗಳನ್ನು ಸಂರಕ್ಷಿತ ಗಡಿಯಿಂದ ಹೊರಗಿಡುವ ಸರ್ಕಾರದ ತೀರ್ಮಾನದ ವಿರುದ್ಧ ಬೀದಿಗಿಳಿದವರು, 2009ರಲ್ಲಿ ಮೆಟ್ರೊ ಮಾರ್ಗಕ್ಕೆಂದು ಲಾಲ್‌ಬಾಗಿನ ಅಂಚಿನ ಮರಗಳು ಉರುಳಿದಾಗ ಅಡ್ಡ ನಿಂತವರು, 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗಿನ ಸುರಂಗ ರಸ್ತೆಗಾಗಿ ಲಾಲ್‌ಬಾಗಿನ ನೆಲವನ್ನು ಬಳಸುವ ಪ್ರಸ್ತಾವ ಬಂದಾಗ ದನಿಯೆತ್ತಿದವರು ಎಲ್ಲರೂ ಆ ಉದ್ಯಾನಗಳಲ್ಲಿ ನಡೆದು, ಕುಳಿತು, ಓದಿ, ಮಕ್ಕಳನ್ನು ಆಡಿಸಿ ಅವುಗಳನ್ನು ತಮ್ಮವೆಂದು ಬಗೆದವರು. ಪ್ರತಿ ಸಲ ಗೆಲುವು ಅವರದಾಗಲಿಲ್ಲ, ಆದರೆ ಪ್ರತಿ ಸಲ ಎದುರು ನಿಂತವರು ಅವರೇ.

ಹೀಗೆ ತಮ್ಮದೆಂದು ಬಗೆಯುವ ಜನ ತಾನಾಗಿ ಹುಟ್ಟುವುದಿಲ್ಲ. ಅಡೆತಡೆಯಿಲ್ಲದ ಪ್ರವೇಶದಿಂದ ಅವರು ರೂಪುಗೊಳ್ಳುತ್ತಾರೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ಅವರ ಯೋಜನೆಯಂತೆ ರೂಪುಗೊಂಡ ಕಬ್ಬನ್ ಪಾರ್ಕ್‌ಗೆ ಪ್ರವೇಶ ಶುಲ್ಕವಿಲ್ಲ. ಹೈಕೋರ್ಟಿನ ಕಕ್ಷಿಗಾರ, ಕೇಂದ್ರ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿ, ಊರಿಂದ ಬಂದು ಬಸ್ಸಿಗೆ ಕಾಯುವ ಕುಟುಂಬ ಒಂದೇ ಬಿದಿರು ಮೆಳೆಯ ನೆರಳಿನಲ್ಲಿ ಕೂರುತ್ತಾರೆ. 2023ರಲ್ಲಿ ಅಲ್ಲಿ ಆರಂಭವಾದ, ಶನಿವಾರ ಬೆಳಿಗ್ಗೆ ಚಾಪೆ ಹಾಸಿಕೊಂಡು ಮೌನವಾಗಿ ಪುಸ್ತಕ ಓದುವ ರೂಢಿ ದೇಶ ವಿದೇಶಗಳ ಹಲವು ನಗರಗಳಿಗೆ ಹಬ್ಬಿತು. ತಲೆಗಿಷ್ಟು ಎಂದು ವಸೂಲಿಯಾಗುವ ಕಡೆ ಇಂಥದ್ದು ಚಿಗುರುವುದು ಕಷ್ಟ, ಏಕೆಂದರೆ ಹಣ ಕೊಟ್ಟು ಒಳಬಂದವನು ತಾನು ಗ್ರಾಹಕನೆಂದು ತಿಳಿಯುತ್ತಾನೆ. ಗ್ರಾಹಕ ಸರಕು ಕೆಟ್ಟರೆ ಇನ್ನೊಂದು ಅಂಗಡಿಗೆ ಹೋಗುತ್ತಾನೆಯೇ ಹೊರತು ಅಂಗಡಿಯನ್ನು ಉಳಿಸಲು ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಶುಲ್ಕದ ಆದಾಯಕ್ಕಾಗಿ ಉದ್ಯಾನ ತನ್ನ ರಕ್ಷಕರನ್ನೇ ಕಳೆದುಕೊಳ್ಳುತ್ತದೆ ಎಂಬುದು ಈ ವಿಚಾರದಲ್ಲಿ ಎಲ್ಲಕ್ಕಿಂತ ದೊಡ್ಡ ನಷ್ಟ, ಮತ್ತು ಯಾವ ಲೆಕ್ಕಪತ್ರದಲ್ಲೂ ಕಾಣದ ನಷ್ಟ.

ಹಣದ ಕೊರತೆ ಇನ್ನೊಂದು ಬಗೆಯಲ್ಲೂ ಬಾಗಿಲು ಮುಚ್ಚಿಸುತ್ತದೆ. ಬೆಂಗಳೂರಿನ ಪಾಲಿಕೆ ಉದ್ಯಾನಗಳು ಬಹುಕಾಲ ನಡುಹಗಲಿನ ಕೆಲವು ಗಂಟೆ ಮುಚ್ಚಿರುತ್ತಿದ್ದವು; 2024ರಲ್ಲಿ ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನ ಪ್ರಕಟವಾಯಿತು. ಬೆಳಿಗ್ಗೆ ಸಂಜೆ ನಡೆಯಲು ಬರುವವರಿಗೆ ಆ ಮಧ್ಯಾಹ್ನದ ಬೀಗದಿಂದ ತೊಂದರೆಯಿರಲಿಲ್ಲ. ತೊಂದರೆ ಪಟ್ಟವರು ಬಿಸಿಲಿನಲ್ಲಿ ಬೀದಿಯಲ್ಲೇ ಕಳೆಯಬೇಕಾದ ಪೌರಕಾರ್ಮಿಕರು, ತಳ್ಳುಗಾಡಿಯವರು, ಮನೆಮನೆಗೆ ಊಟ ತಲುಪಿಸುವ ಹುಡುಗರು, ಕಟ್ಟಡದ ಕೆಲಸದವರು. ನೆರಳಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವವರೂ ಅವರೇ. ಕಾವಲುಗಾರರಿಗೆ, ಮಾಲಿಗಳಿಗೆ ಸಾಕಷ್ಟು ಹಣ ಒದಗಿಸದೆ ಹೊರಡಿಸಿದ ಆದೇಶ ಗೇಟಿನ ಮೇಲಿನ ಫಲಕವಾಗಿ ಮಾತ್ರ ಉಳಿಯುತ್ತದೆ.

ಎದುರು ವಾದಗಳಲ್ಲಿ ಗಂಭೀರವಾದುದು ಒಂದಿದೆ. ಕಲಬುರಗಿಯ ಕೂಲಿಕಾರ ಬೆಂಕಿಪೊಟ್ಟಣ ಕೊಳ್ಳುವಾಗ ಕೊಡುವ ತೆರಿಗೆಯಿಂದ ಬೆಂಗಳೂರಿನ ಅನುಕೂಲಸ್ಥರ ನಡಿಗೆ ದಾರಿಗೆ ಹಣ ಹೋಗುವುದು ಸರಿಯೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಟಿಕೆಟ್ಟಿನಲ್ಲಿಲ್ಲ, ತೆರಿಗೆಯನ್ನು ಯಾವ ಹಂತದಲ್ಲಿ ಸಂಗ್ರಹಿಸಬೇಕು ಎಂಬುದರಲ್ಲಿದೆ. 1992ರ 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೆಯ ಅನುಸೂಚಿ ಉದ್ಯಾನ, ತೋಟ, ಆಟದ ಮೈದಾನಗಳನ್ನು ನಗರ ಸಂಸ್ಥೆಗಳ ಹೊಣೆಗಳ ಪಟ್ಟಿಯಲ್ಲಿಟ್ಟಿದೆ. ಬಡಾವಣೆಯ ಉದ್ಯಾನವನ್ನು ನಗರದ ಆಸ್ತಿ ತೆರಿಗೆ ಹೊರಬೇಕು. ನಾಡಿನ ಕೃಷಿಗೂ ಸಸ್ಯವಿಜ್ಞಾನಕ್ಕೂ ಸಲ್ಲುವ ಲಾಲ್‌ಬಾಗಿನಂಥ ಸಸ್ಯೋದ್ಯಾನವನ್ನು ರಾಜ್ಯ ಹೊರಬೇಕು, ಮತ್ತು ಅದೇ ನ್ಯಾಯದಿಂದ ಕಲಬುರಗಿಗೂ ತನ್ನ ಬಿಸಿಲಿಗೆ ತಕ್ಕ ಉದ್ಯಾನ ಸಿಗಬೇಕು. ಶುಲ್ಕವಿದ್ದರೆ ಜನಜಂಗುಳಿ ಹತೋಟಿಯಲ್ಲಿರುತ್ತದೆ ಎಂಬ ಇನ್ನೊಂದು ವಾದಕ್ಕೆ ಹೆಚ್ಚು ಉತ್ತರ ಬೇಕಿಲ್ಲ: ಲಾಲ್‌ಬಾಗ್ ಅತ್ಯಂತ ಹೆಚ್ಚು ತುಳಿತಕ್ಕೊಳಗಾಗುವುದು ಟಿಕೆಟ್ ಕೊಟ್ಟು ಕರೆದ ಪ್ರದರ್ಶನದ ದಿನಗಳಲ್ಲೇ.

ಸಮುದಾಯದ ಸೊತ್ತಿನ ಉಸ್ತುವಾರಿಗೆ ಸ್ಥಿರವಾದ ಮೂಲವೊಂದನ್ನು ಕಟ್ಟಿಟ್ಟುಬಿಡುವ ಪದ್ಧತಿ ಕನ್ನಡ ನಾಡಿಗೆ ಅಪರಿಚಿತವಲ್ಲ. ಕೆರೆ ಕಟ್ಟಿಸಿದವನಿಗೆ, ಅದನ್ನು ದುರಸ್ತಿಯಲ್ಲಿಟ್ಟವನಿಗೆ ಬಿಟ್ಟ ನೆಲವನ್ನು ಶಾಸನಗಳು ಕಟ್ಟುಕೊಡಗೆ ಎಂದೂ, ಕೆರೆಯ ಉಸ್ತುವಾರಿಗೆಂದು ಮೀಸಲಿಟ್ಟ ನೆಲ ಅಥವಾ ಫಸಲಿನ ಪಾಲನ್ನು ಬಿತ್ತುವಟ್ಟ ಎಂದೂ ಕರೆದಿವೆ. ಹೂಳು ತೆಗೆಯುವ ಖರ್ಚನ್ನು ಕೆರೆಯಿಂದ ಕೊಡ ತುಂಬಿಸಿಕೊಂಡವರಿಂದ ಕೊಡಕ್ಕಿಷ್ಟು ಎಂದು ವಸೂಲು ಮಾಡಬೇಕೆಂದು ಆ ವ್ಯವಸ್ಥೆಯನ್ನು ರೂಪಿಸಿದವರಿಗೆ ತೋರಲಿಲ್ಲ. ನೀರಿನಿಂದ ಫಸಲು ಕಂಡ ಭೂಮಿ ಕೆರೆಗೆ ಪಾಲು ಕೊಡಬೇಕೆಂದು ತೋರಿತು. ಆ ಕೆರೆಯ ಘಟ್ಟಗಳು ಎಲ್ಲ ಜಾತಿಯವರಿಗೂ ಸಮಾನವಾಗಿ ತೆರೆದಿರಲಿಲ್ಲವೆಂಬುದು ಮರೆಯಬಾರದ ಸತ್ಯ. ಹಳೆಯ ಹಣಕಾಸಿನ ವಿವೇಕಕ್ಕೆ ಹೊಸ ಸಮಾನತೆಯನ್ನು ಸೇರಿಸುವ ಅವಕಾಶ ಸಾರ್ವಜನಿಕ ಉದ್ಯಾನದಲ್ಲಿ ಇತ್ತು, ಇನ್ನೂ ಇದೆ; ಗೇಟಿನಲ್ಲಿ ಶುಲ್ಕ ಕೇಳುವ ನೀತಿ ಎರಡನ್ನೂ ಕೈಬಿಡುತ್ತದೆ. ಆಧುನಿಕ ಕಾಲದಲ್ಲೂ ಮಾದರಿ ಇಲ್ಲದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯಕ್ಕೆಂದೇ ಉಪಕರ ವಿಧಿಸಿ, ಓದುಗನಿಂದ ಬಾಗಿಲಲ್ಲಿ ಹಣ ಕೇಳದೆ ನಾಡಿನ ತುಂಬ ವಾಚನಾಲಯಗಳನ್ನು ನಡೆಸಲು ದಾರಿ ಮಾಡಿತು. ವಸೂಲಾದ ಉಪಕರವನ್ನು ನಗರ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಸಕಾಲದಲ್ಲಿ ದಾಟಿಸುವುದಿಲ್ಲವೆಂಬ ದೂರು ಆ ತತ್ತ್ವದ ದೋಷವಲ್ಲ, ಅದನ್ನು ಪಾಲಿಸದವರ ದೋಷ.

ಬೆಂಗಳೂರು 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಾಗಿ ವಿಂಗಡಣೆಯಾಗಿದೆ. ಶ್ರೀಮಂತ ಆಸ್ತಿಗಳಿರುವ ಪಾಲಿಕೆಗೂ ಹೊರವಲಯದ ಹೊಸ ಬಡಾವಣೆಗಳ ಪಾಲಿಕೆಗೂ ತೆರಿಗೆಯ ಶಕ್ತಿಯಲ್ಲಿ ದೊಡ್ಡ ಅಂತರವಿರುವುದರಿಂದ, ಉದ್ಯಾನ ತಾನೇ ದುಡಿಯಲಿ ಎಂಬ ಮಾತು ಬಡ ಪಾಲಿಕೆಗಳ ಸಭೆಗಳಲ್ಲಿ ಮೊದಲು ಕೇಳಿಬರಲಿದೆ. ಆದುದರಿಂದ ನಾಗರಿಕರು ತಮ್ಮ ಪಾಲಿಕೆಯ ಆಯವ್ಯಯ ಸಿದ್ಧವಾಗುವ ಮುನ್ನವೇ ವಾರ್ಡ್ ಸಮಿತಿಗಳ ಮುಂದೆ ಈ ಬೇಡಿಕೆಗಳನ್ನು ಬರಹದಲ್ಲಿ ಇಡಬೇಕು: ಆಸ್ತಿ ತೆರಿಗೆಯ ನಿಶ್ಚಿತ ಪಾಲು ಉದ್ಯಾನಗಳಿಗೆ ಮೀಸಲಾಗಲಿ, ಆ ಪಾಲಿನ ಹಂಚಿಕೆಯಲ್ಲಿ ಹಸಿರು ಕಡಿಮೆಯಿರುವ ವಾರ್ಡಿಗೆ ಹೆಚ್ಚು ಸಲ್ಲಲಿ, ಐದು ಪಾಲಿಕೆಗಳ ನಡುವಿನ ಅಂತರವನ್ನು ರಾಜ್ಯ ತುಂಬಿಕೊಡಲಿ; ಮಾಲಿಗಳ ಸಂಬಳ ಗುತ್ತಿಗೆದಾರನ ಮರ್ಜಿಗೆ ಬಿಡದಿರಲಿ; 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯಿದೆಯಡಿ ಸಿದ್ಧವಾಗಬೇಕಾದ ಪಟ್ಟಿ ಸರ್ವೆ ಸಂಖ್ಯೆ, ಗಡಿಗಳ ಸಹಿತ ಪ್ರಕಟವಾಗಲಿ; ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್‌ಗಳಿಗೆ ರಕ್ಷಣೆ ಕೊಟ್ಟಿರುವ 1975ರ ಕಾಯಿದೆಯನ್ನು ಯಾವ ರಸ್ತೆಗಾಗಿಯೂ ಸಡಿಲಗೊಳಿಸದಿರಲಿ; ಮತ್ತು ಯಾವ ಉದ್ಯಾನದ ಯೋಗ್ಯತೆಯನ್ನೂ ಅದರ ಗೇಟಿನ ಸಂಗ್ರಹದಿಂದ ಅಳೆಯದಿರಲಿ.